ಬಾಲ್ಡೊ, ಕಾರು ನೋಡಿಕೊಂಡು ಬಾ

ನನ್ನ ಗಂಡ ಬಾಲ್ಡೊ ಮೂವತ್ತು ವರ್ಷ ನಾಜ್ ಕುಸೆನ್ಸಾನ ಕಾರನ್ನು ನೋಡಿಕೊಂಡು ಬಂದ. ಕಾರಿಗೆ ಏನೂ ಆಗಿರುತ್ತಿರಲಿಲ್ಲ. ಬ್ರೂಕ್ಲಿನ್ನಿನ ಹದಿನೆಂಟನೇ ಅವೆನ್ಯೂನಲ್ಲಿ ನಾಜ್‌ನ ಕಾರು ಮುಟ್ಟುವಷ್ಟು ಹುಚ್ಚು ಯಾರಿಗೂ ಹಿಡಿದಿರಲಿಲ್ಲ. ಕ್ಲಬ್ಬಿನೊಳಗೆ ನಾಲ್ಕು ಜನ ಕೂತು ಇಸ್ಪೀಟು ಆಡುವಾಗ ಮಾತು ಗುಟ್ಟಿನ ಕಡೆಗೆ ತಿರುಗುತ್ತಿತ್ತು. ಆಗ ನಾಜ್ ತಲೆ ಎತ್ತುತ್ತಿದ್ದ.

"ಬಾಲ್ಡೊ, ಸ್ವಲ್ಪ ಕಾರು ನೋಡ್ಕೊಂಡು ಬಾ."

ಬಾಲ್ಡೊ ಹೊರಗೆ ಹೋಗಿ ಕಾರಿನ ಪಕ್ಕ ನಿಲ್ಲುತ್ತಿದ್ದ. ಬಿಸಿಲಿರಲಿ, ಹಿಮ ಬೀಳುತ್ತಿರಲಿ. ಒಳಗಿನಿಂದ ಕಿಟಕಿ ತಟ್ಟಿದಾಗ ವಾಪಸ್ಸು ಹೋಗುತ್ತಿದ್ದ. ಆ ಹೊತ್ತಿಗೆ ಮಾತು ಮುಗಿದಿರುತ್ತಿತ್ತು.

"ಕಾರು ಹೇಗಿದೆ?" ಎಂದು ಮನೆಗೆ ಬಂದ ಮೇಲೆ ನಾನು ಕೇಳುತ್ತಿದ್ದೆ.

"ಚೆನ್ನಾಗಿದೆ."

"ನಾನು ಕೇಳಿದೆ ಅಂತ ಅದಕ್ಕೆ ಹೇಳಬೇಕಿತ್ತು."

"ಸುಮ್ನಿರು ಚೆಟ್ಟಾ." ಚೆಟ್ಟಾ ನನ್ನ ಹೆಸರು.

ಅವನು ಹೊರಗಿನವನು. ಅದೇ ತೊಂದರೆ. ಆ ಜನ ತಮ್ಮ ಗುಂಪನ್ನು ಮನೆ ಎಂದೇ ಕರೆದುಕೊಳ್ಳುತ್ತಾರೆ. ಒಂದೇ ತಾಯಿಯ ಮಕ್ಕಳ ಹಾಗೆ. ಆ ಮನೆಯಲ್ಲಿ ಯಾರು ಏನು ಎಂಬುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮದುವೆ ಊಟಗಳಲ್ಲಿ ಕಲಿತೆ. ಗೋಡೆಗೆ ಬೆನ್ನು ಕೊಟ್ಟು, ಬ್ಯಾಂಡಿನಿಂದ ದೂರ ಕೂರುವವನು ಯಜಮಾನ. ಅವನ ಬಲಗಡೆ ಎರಡನೆಯವನು. ಯಜಮಾನ ಯಾವಾಗ ಜೈಲಿಗೆ ಹೋಗುತ್ತಾನೋ ಎಂದು ಬೇಸರವಿಲ್ಲದೆ ಕಾಯುವವನು ಅವನು. ಎಡಗಡೆ ಬುದ್ಧಿ ಹೇಳುವ ಹಿರಿಯ. ಅವನನ್ನು ಎಲ್ಲದಕ್ಕೂ ಕೇಳುತ್ತಾರೆ, ಆಮೇಲೆ ತಮಗೆ ತೋಚಿದ್ದನ್ನು ಮಾಡುತ್ತಾರೆ. ಮುಂದಿನ ಮೇಜುಗಳಲ್ಲಿ ಕಾಪೊಗಳು, ಸಣ್ಣ ಗುಂಪುಗಳ ನಾಯಕರು. ನಾಜ್ ಅಂಥ ಒಬ್ಬ ಕಾಪೊ. ಒಬ್ಬೊಬ್ಬ ಕಾಪೊನ ಸುತ್ತ ಹತ್ತು ಹನ್ನೆರಡು ಸಿಪಾಯಿಗಳು. ಅಲ್ಲಿಗೆ ಒಳಗಿನವರು ಮುಗಿದರು. ಉಳಿದವರು ನಾವು. ನಮ್ಮ ಮೇಜು ಯಾವಾಗಲೂ ಅಡುಗೆಮನೆಯ ಬಾಗಿಲ ಹತ್ತಿರ. ಆ ಬಾಗಿಲು ನನ್ನ ಬೆನ್ನಿಗೆ ಎಷ್ಟು ಸಲ ಬಡಿದಿದೆಯೋ ದೇವರಿಗೇ ಗೊತ್ತು.

ಅವರು ಒಳ್ಳೆಯ ಜನ ಎಂದು ನಾನು ಹೇಳುವುದಿಲ್ಲ. ಅಲ್ಲ. ಬಾಲ್ಡೊ ಬೆಳಿಗ್ಗೆ ಹೋಟೆಲುಗಳಿಗೆ ಮೇಜುಬಟ್ಟೆ ಹಂಚುವ ವ್ಯಾನು ಓಡಿಸುತ್ತಿದ್ದ. ಆ ಬೀದಿಯ ಯಾವ ಹೋಟೆಲಿನವನೂ ಬೇರೆ ಕಡೆಯಿಂದ ಬಟ್ಟೆ ತರಿಸುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಅಲ್ಲಿ ಯಾರೂ ಏನನ್ನೂ ಕೇಳಬಾರದು. ಆ ಮನೆಯ ಎಲ್ಲ ಕಟ್ಟುಪಾಡುಗಳಿಗಿಂತ ಅದು ದೊಡ್ಡದು.

ಒಂದು ಸಲ ಒಬ್ಬ ಹೋಟೆಲಿನವನು ಬಟ್ಟೆ ಬೇಡ ಅಂದ. ನಾಜ್ ನನ್ನ ಗಂಡನನ್ನು ಕಳಿಸಿದ. ಬಾಲ್ಡೊ ಆರಡಿ ಮೂರಂಗುಲ, ಬಾಗಿಲಲ್ಲಿ ನಿಂತರೆ ಕೋಣೆಗೆ ಕತ್ತಲು. "ಏನೂ ಮಾತಾಡ್ಬೇಡ. ಸುಮ್ನೆ ಅಡುಗೆಮನೇಲಿ ಹೋಗಿ ನಿಂತ್ಕೊ" ಎಂದು ಹೇಳಿ ಕಳಿಸಿದ್ದ. ಬಾಲ್ಡೊ ಹೋಗಿ ನಿಂತ. ಅಡುಗೆಮನೆಯ ನೀರು ಹೋಗುವ ಕೊಳವೆ ಕಟ್ಟಿಕೊಂಡು ಕಾಲಡಿ ನೀರು ತುಂಬುತ್ತಿತ್ತು. ಅವನಿಂದ ನೋಡಲಾಗಲಿಲ್ಲ. ಅಂಗಿಯ ತೋಳು ಮಡಚಿ ಎರಡು ಗಂಟೆ ಕೂತು ಅದನ್ನು ಬಿಡಿಸಿದ. ಮನೆಗೆ ಬಂದಾಗ ಮೀನಿನ ವಾಸನೆ. ಮರುವಾರದಿಂದ ಆ ಹೋಟೆಲಿನವನು ನಮ್ಮ ಬಟ್ಟೆಯನ್ನೇ ತೆಗೆದುಕೊಂಡ. ಬಾಲ್ಡೊ ಏನು ಮಾಡಿದ ಎಂದು ನಾಜ್ ಕೇಳಲಿಲ್ಲ. ಕೇಳಬಾರದಲ್ಲ. ಭುಜ ತಟ್ಟಿದನಂತೆ.

ಒಳಗಿನವನಾಗಬೇಕು ಎಂಬ ಆಸೆ ಅವನಿಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನಾಜ್‌ನ ಅಕ್ಕನ ಮಗ ಒಬ್ಬನಿದ್ದ, ಜೆರ್ಲಾಂಡೊ. ಇಪ್ಪತ್ತಾರು ವರ್ಷಕ್ಕೇ ಸಿಪಾಯಿಯಾಗಿದ್ದ. ಒಂದು ಭಾನುವಾರ ಬ್ರೆಡ್ಡಿನ ಅಂಗಡಿಯ ಮುಂದೆ, ಜನರೆಲ್ಲ ಚರ್ಚಿನಿಂದ ಬರುವ ಹೊತ್ತಿಗೆ, ಅವನು ಬಾಲ್ಡೊನ ಕೆನ್ನೆಗೆ ಹೊಡೆದ. ವ್ಯಾನು ಅಡ್ಡ ನಿಲ್ಲಿಸಿದ್ದನಂತೆ. ಒಳಗಿನವನ ಮೇಲೆ ಕೈ ಎತ್ತಿದರೆ ಬಾಲ್ಡೊನ ಜೀವವೇ ಹೋಗುತ್ತಿತ್ತು. ಒಳಗಿನವನ ಮೇಲೆ ಇನ್ನೊಬ್ಬ ಒಳಗಿನವನೂ ಕೈ ಎತ್ತುವಂತಿಲ್ಲ. ಹೊರಗಿನವನ ಕೆನ್ನೆ ಎಲ್ಲರದು. ಬಾಲ್ಡೊ ವ್ಯಾನು ಹಿಂದಕ್ಕೆ ತೆಗೆದ. ಬ್ರೆಡ್ಡು ತಗೊಂಡು ಮನೆಗೆ ಬಂದ. ಊಟಕ್ಕೆ ಕೂತು, "ಬ್ರೆಡ್ಡು ಇನ್ನೂ ಬಿಸಿ ಇದೆ" ಅಂದ. ನಾನು ಅವನ ಕೆನ್ನೆ ನೋಡಲಿಲ್ಲ.

ಆ ಮನೆಗೆ ಹೊಸಬರನ್ನು ಸುಮ್ಮನೆ ಸೇರಿಸಿಕೊಳ್ಳುವುದಿಲ್ಲ. ಒಬ್ಬ ಸತ್ತರೆ ಒಬ್ಬ. ಸತ್ತವನ ಹೆಸರು, ಅವನ ಜಾಗಕ್ಕೆ ಬರುವವನ ಹೆಸರು, ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಊರಿನ ಉಳಿದ ನಾಲ್ಕು ಮನೆಗಳಿಗೆ ಕಳಿಸುತ್ತಾರೆ. ಹದಿನೈದು ದಿನ ಕಾಯುತ್ತಾರೆ. ಯಾರೂ ತಕರಾರು ಮಾಡದಿದ್ದರೆ ಆಯಿತು. ಅದಕ್ಕೇ ಬಾಲ್ಡೊನಂಥವರು ಒಂದೂ ಸಾವು ತಪ್ಪಿಸಿಕೊಳ್ಳುತ್ತಿರಲಿಲ್ಲ. ಮುಖ ಚಿಕ್ಕದು ಮಾಡಿಕೊಂಡು ಸಾಲಾಗಿ ನಿಲ್ಲುತ್ತಿದ್ದರು, ಬಸ್ಸಿಗೆ ನಿಂತ ಹಾಗೆ.

ಅವನಿಗೆ ಐವತ್ತಾದ ವರ್ಷ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದ.

"ಚೆಟ್ಟಾ, ನಾಜ್ ಹೇಳಿದ್ರು. ಝೂ ಲಿಬೋರಿಯೊ ಜಾಗ ನಂಗೆ."

ಹಿರಿಯರನ್ನು ನಾವು ಝೂ ಎನ್ನುತ್ತೇವೆ, ಮಾವ ಎಂದ ಹಾಗೆ. ಲಿಬೋರಿಯೊ ಟ್ರಮೂಟ ನಾಜ್‌ನ ಗುಂಪಿನ ಎಲ್ಲರಿಗಿಂತ ಹಳೆಯ ಸಿಪಾಯಿ. ಎಪ್ಪತ್ತೊಂಬತ್ತು ವರ್ಷ, ಹೆಂಡತಿ ಸತ್ತಿದ್ದಳು, ಮಕ್ಕಳಿಲ್ಲ. ಎದೆಗೆ ಕಫ ಕಟ್ಟಿ ಮಲಗಿದ್ದರು. ಪಾದ್ರಿ ಬಂದು ಕೊನೆಯ ಎಣ್ಣೆ ಹಚ್ಚಿ ಹೋಗಿದ್ದ.

ಬಾಲ್ಡೊ ನಗುತ್ತಿದ್ದ. ಆಮೇಲೆ ತಾನು ಏನಕ್ಕೆ ನಗುತ್ತಿದ್ದೇನೆ ಎಂದು ಹೊಳೆದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮರುದಿನ ನಾವು, ಒಳಗೆ ಸೇರಿಸಿಕೊಳ್ಳುವ ದಿನಕ್ಕೆಂದು, ಕಪ್ಪು ಸೂಟು ತಂದೆವು.

"ಇನ್ನೊಂದು ಹೇಳಿದ್ರು" ಅಂದ. "ಅಲ್ಲಿವರೆಗೆ ಮುದುಕನ್ನ ನಾನೇ ನೋಡ್ಕೋಬೇಕಂತೆ. ಅವರಿಗೆ ಯಾರೂ ಇಲ್ಲ. ನಮ್ಮ ಕಡೆಯಿಂದ ಒಬ್ಬರು ಇರಬೇಕಲ್ಲ."

"ನಿನ್ನನ್ನೇ ಯಾಕೆ?"

"ನಾನು ಕೇಳಲಿಲ್ಲ."

ಹೀಗೆ ಶುರುವಾಯಿತು. ದಿನಾ ಮಧ್ಯಾಹ್ನ ಬಾಲ್ಡೊ ಕಹಿಸೊಪ್ಪು ಮತ್ತು ಬಿಳಿ ಕಾಳಿನ ಸೂಪು ತೆಗೆದುಕೊಂಡು ಮೂರು ಮಹಡಿ ಹತ್ತುತ್ತಿದ್ದ. ಸೂಪು ನನ್ನದು. ಗುಳಿಗೆಗಳನ್ನು ಬೆಳಿಗ್ಗೆಯವು, ರಾತ್ರಿಯವು ಎಂದು ಮೊಟ್ಟೆ ಡಬ್ಬಿಯ ಗುಳಿಗಳಲ್ಲಿ ಹಾಕಿಡುತ್ತಿದ್ದ. ಬೆನ್ನು ತಿಕ್ಕುತ್ತಿದ್ದ. ಕಿಟಕಿಯ ಸಂದಿಗೆಲ್ಲ ಹಳೆಯ ಮೇಜುಬಟ್ಟೆ ತುರುಕಿ ಗಾಳಿ ನಿಲ್ಲಿಸಿದ. ಆರು ವಾರಕ್ಕೆ ಮುದುಕ ಎದ್ದು ಕೂತರು. ಮೂರು ತಿಂಗಳಿಗೆ ಕ್ಲಬ್ಬಿಗೆ ಬಂದು ಇಸ್ಪೀಟು ಆಡಿ ಎಲ್ಲರನ್ನೂ ಸೋಲಿಸಿದರು.

ಕೆಳಮನೆಯ ನುನ್ಸಿಯಾಟ ಮೆಟ್ಟಿಲ ಮೇಲೆ ನನ್ನನ್ನು ಹಿಡಿದಳು. "ಏನೇ, ನಿನ್ನ ಗಂಡ ಒಳಗೆ ಹೋಗಬೇಕಾ ಬೇಡವಾ?"

"ಹೋಗಬೇಕು."

"ಹಂಗಾದ್ರೆ ಸೂಪು ಕೆಟ್ಟದಾಗಿ ಮಾಡೋದು ಕಲಿ."

ನಾನು ಬಾಲ್ಡೊನಿಗೆ ಹೇಳಿದೆ, ಉಪ್ಪು ಸ್ವಲ್ಪ ಜಾಸ್ತಿ ಹಾಕಲಾ, ಡಾಕ್ಟರು ಅವರಿಗೆ ಉಪ್ಪು ಬೇಡ ಅಂದಿದ್ದಾರಲ್ಲ ಎಂದು. ತಮಾಷೆಗೆ ಹೇಳಿದ್ದು. ಅವನು ಅಂದಿನಿಂದ ಮನೆಯಿಂದ ಹೊರಡುವ ಮೊದಲು ಒಂದು ಚಮಚ ರುಚಿ ನೋಡತೊಡಗಿದ. ಕಟ್ಟಿಕೊಂಡ ಹೆಂಡತಿಯ ಮೇಲೆ ಅಷ್ಟು ನಂಬಿಕೆ.

ಮುದುಕರಿಗೆ ಎಲ್ಲ ಗೊತ್ತಿತ್ತು. ದಿನಾ ಬಾಗಿಲು ತೆಗೆದು ಅದೇ ಮಾತು ಹೇಳುತ್ತಿದ್ದರು.

"ಇವತ್ತೂ ಬದುಕಿದೀನಿ ಕಣಪ್ಪ. ಕ್ಷಮಿಸು."

"ಅವಸರ ಏನಿಲ್ಲ ಝೂ. ಬಿಸಿ ಇರುವಾಗ್ಲೇ ಕುಡೀರಿ."

ನಾಲ್ಕು ವರ್ಷ ಹೀಗೇ ಹೋಯಿತು. ಬಾಲ್ಡೊ ದಪ್ಪಗಾದ. ನಾನು ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಆ ಕಪ್ಪು ಸೂಟಿನ ಹೊಲಿಗೆ ಎರಡು ಸಲ ಬಿಚ್ಚಿ ಅಗಲ ಮಾಡಿದೆ. ಮೂರನೇ ಸಲಕ್ಕೆ ಒಳಗೆ ಬಟ್ಟೆ ಉಳಿದಿರಲಿಲ್ಲ.

ಆಮೇಲೆ ಕುರ್ಚಿಯ ವಿಷಯ ಬಂತು.

ಕ್ಲಬ್ಬಿನಲ್ಲಿ ಒಳಗಿನವರಿಗೆ ಮಾತ್ರ ಕುರ್ಚಿ. ಒಬ್ಬೊಬ್ಬನಿಗೆ ಒಂದು, ಅವನದರಲ್ಲಿ ಇನ್ನೊಬ್ಬ ಕೂರುವುದಿಲ್ಲ. ಬಾಲ್ಡೊನಂಥವರು ನಿಲ್ಲಬೇಕು, ಇಲ್ಲದಿದ್ದರೆ ಕಾಫಿ ಮಾಡಬೇಕು. ಒಳಗಿನವನು ಸತ್ತರೆ ಅವನ ಕುರ್ಚಿಯನ್ನು ಕೆಳಗಿನ ನೆಲಮಾಳಿಗೆಗೆ ಇಳಿಸಿಡುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಂದವರು ಕುರ್ಚಿ ಇಲ್ಲದ್ದನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ.

ನವೆಂಬರಿನಲ್ಲಿ ಝೂ ಲಿಬೋರಿಯೊ ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಮುರಿದಿರಲಿಲ್ಲ. ಆದರೆ ತಗ್ಗಿನ ಕುರ್ಚಿಯಲ್ಲಿ ಕೂತರೆ ಏಳಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಬಾಲ್ಡೊ ಒಂದು ಸೋಮವಾರ ಬೆಳಿಗ್ಗೆ, ಯಾರೂ ಬರುವ ಮುಂಚೆ, ಕ್ಲಬ್ಬಿನಿಂದ ಅವರ ಕುರ್ಚಿ ಎತ್ತಿಕೊಂಡು ಹೋಗಿ ಬಡಗಿಗೆ ಕೊಟ್ಟ. ಕಾಲಿಗೆ ನಾಲ್ಕು ಅಂಗುಲ ಮರ ಸೇರಿಸಬೇಕಿತ್ತು. ಯಾರಿಗೂ ಹೇಳಲಿಲ್ಲ. ಕುರ್ಚಿಯ ಕಾಲಿನ ವಿಷಯ ಯಾರಿಗೆ ಹೇಳುತ್ತಾರೆ. ಆಮೇಲೆ ನಾಲ್ಕು ದಿನ ಕ್ಲಬ್ಬಿಗೆ ಹೋಗದೆ ಮುದುಕರ ಹತ್ತಿರವೇ ಇದ್ದ.

ಒಳಗಿನವರು ಬಂದರು. ಕುರ್ಚಿ ಇಲ್ಲ. ಶಿಲುಬೆಯ ಗುರುತು ಮಾಡಿಕೊಂಡರು. ಬಾಲ್ಡೊನೂ ಕಾಣಿಸುತ್ತಿಲ್ಲ, ಹೆಣವನ್ನು ಸಿಸಿಲಿಗೆ ಕಳಿಸುವ ಓಡಾಟದಲ್ಲಿರಬೇಕು ಅಂದುಕೊಂಡರು. ಎರಡು ಬೀದಿ ಆಚೆ ಹೋಗಿ ಮುದುಕರ ಬಾಗಿಲು ತಟ್ಟಿದ್ದರೆ ಸಾಕಿತ್ತು. ತಟ್ಟಲಿಲ್ಲ. ಕೇಳಬಾರದಲ್ಲ.

ಗುರುವಾರ ನಾಜ್ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದ. ಹಿಂದೆ ಎಂದೂ ಬಂದವನಲ್ಲ. ಅವನು ಬಾಲ್ಡೊನಿಗಿಂತ ಆರು ವರ್ಷ ಚಿಕ್ಕವನು. ಆದರೂ ಬಾಲ್ಡೊ ಅವನಿಗೆ ನೀವು ಎನ್ನುತ್ತಿದ್ದ, ಅವನು ನೀನು ಎನ್ನುತ್ತಿದ್ದ. ಬಂದವನು ನನ್ನ ಗಂಡನ ಎರಡೂ ಕೆನ್ನೆಗೆ ಮುತ್ತಿಟ್ಟ.

"ಹೆಸರು ಕಳಿಸಿದೀನಿ. ಹದಿನೈದು ದಿನ. ಸೂಟಿಗೆ ಇಸ್ತ್ರಿ ಹಾಕಿಸು."

ಅಷ್ಟೇ. ಇಳಿದು ಹೋದ. ಬಾಲ್ಡೊ ಅಡುಗೆಮನೆಯಲ್ಲಿ ಕೂತು ಅತ್ತ.

"ಮುದುಕ ಬದುಕಿದಾರಲ್ಲ. ಜಾಗ ಎಲ್ಲಿಂದ ಬಂತು?" ಎಂದು ನಾನು ಕೇಳಿದೆ.

"ಬೇರೆ ಯಾರೋ ಇರಬೇಕು."

"ಯಾರು?"

"ನಾನು ಕೇಳಲಿಲ್ಲ ಚೆಟ್ಟಾ."

ಮರುದಿನ ಮುದುಕರ ಬಟ್ಟೆ ಬದಲಿಸಲು ನಾನೂ ಜೊತೆಗೆ ಹೋದೆ. ಸೊಂಟ ಹಿಡಿದವರನ್ನು ಒಬ್ಬರೇ ಎತ್ತಲಾಗುವುದಿಲ್ಲ. ಎರಡನೇ ಮಹಡಿಯಿಂದಲೇ ಹೂವಿನ ವಾಸನೆ. ಮೂರನೆಯದರಲ್ಲಿ ಕಾಲಿಡಲು ಜಾಗವಿಲ್ಲ. ಝೂ ಲಿಬೋರಿಯೊ ಬನಿಯನ್ನಿನಲ್ಲಿ, ಕೋಲು ಊರಿಕೊಂಡು, ಕನ್ನಡಕ ಹಾಕಿಕೊಂಡು, ಹೂವಿನ ಮೇಲಿನ ರಿಬ್ಬನ್ನು ಓದುತ್ತಿದ್ದರು.

"ಬಾ ಮಗ. ನಾನು ಸತ್ತಿದೀನಂತೆ. ನಿಂಗೆ ಗೊತ್ತಿತ್ತಾ?"

ಬಾಲ್ಡೊ ನನ್ನ ಕೈಯಲ್ಲಿದ್ದ ಸೂಪಿನ ಪಾತ್ರೆ ನೋಡಿದ, ಮುದುಕರನ್ನು ನೋಡಿದ. "ಕುರ್ಚಿ" ಅಂದ. ಮೂವರಿಗೂ ಆಗಲೇ ತಿಳಿಯಿತು.

ಮುದುಕರು ಕೋಲಿನಿಂದ ಒಂದೊಂದನ್ನೇ ತೋರಿಸಿದರು. "ಇದು ಯಜಮಾನನದು. ಬಾಗಿಲಿಗಿಂತ ಎತ್ತರ, ಒಳಗೆ ಬರ್ಲಿಲ್ಲ. ಇದು ಎರಡನೆಯವನದು. ಒಂದು ಗೇಣು ಕಡಿಮೆ. ಹುಷಾರಿನವನು. ಎತ್ತರ ಮಾಡಿಸಿದ್ರೆ ಮುಂದಿನ ವಾರ ಅವನಿಗೇ ಹೂ ಕಳಿಸಬೇಕಾಗ್ತಿತ್ತು. ಬುದ್ಧಿ ಹೇಳೋನು ಹೂ ಕಳಿಸಿಲ್ಲ, ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸ್ತಾನಂತೆ. ಜೀವಮಾನವೆಲ್ಲಾ ಬಾಯಲ್ಲೇ ಕೊಟ್ಟ. ಇದು ನಮ್ಮ ನಾಜ್‌ದು, ನೋಡು, ಕುದುರೆ ಲಾಳದ ಆಕಾರ. ನಾನೇನು ರೇಸ್ ಗೆದ್ದಿದೀನಾ? ಇನ್ನು ಈ ಬುಟ್ಟಿ ಇದೆಯಲ್ಲ, ಹನ್ನೊಂದು ಜನ ಸಿಪಾಯಿಗಳು ಸೇರಿ ಕಳಿಸಿದ್ದು. ಐವತ್ತು ವರ್ಷ ಜೊತೆಗಿದ್ದೆ. ಹನ್ನೊಂದು ಜನಕ್ಕೆ ಒಂದು ಬುಟ್ಟಿ."

"ಝೂ, ನಾನು ಈಗ್ಲೇ ಹೋಗಿ ಹೇಳ್ತೀನಿ" ಎಂದ ಬಾಲ್ಡೊ.

"ಕೂತ್ಕೊ." ಮುದುಕರು ಮಂಚದ ಮೇಲೆ ನಿಧಾನವಾಗಿ ಕೂತರು. "ಚೀಟಿ ಹೋಗಿದೆಯಾ?"

"ಹೋಗಿದೆ."

"ನನ್ನ ಹೆಸರಿನ ಪಕ್ಕ ನಿನ್ನ ಹೆಸರು. ಹದಿನೈದು ದಿನ ತಾನೇ? ಸತ್ತಿರ್ತೀನಿ ಬಿಡು. ಒಂದ್ಸಲ ಒಳಗೆ ತಗೊಂಡ್ಮೇಲೆ ಯಾರನ್ನೂ ಹೊರಗೆ ಹಾಕೋ ಹಾಗಿಲ್ಲ. ಆಮೇಲೆ ಎದ್ದು ಬರ್ತೀನಿ. ಸತ್ತು ಎದ್ದು ಬಂದವರ ಮಾತು ಚರ್ಚಿನಲ್ಲೂ ಹೇಳ್ತಾರಲ್ಲ."

"ತಪ್ಪಾಗತ್ತೆ ಝೂ."

"ನಿನ್ನ ಸೂಪಿನಿಂದ ನಾಲ್ಕು ವರ್ಷ ನಿಂಗೆ ಅನ್ಯಾಯ ಮಾಡಿದೀನಿ. ಹದಿನೈದು ದಿನ ನ್ಯಾಯವಾಗಿರ್ತೀನಿ. ಪರದೆ ಎಳಿ."

ಬಾಲ್ಡೊ ಅಲ್ಲಾಡಲಿಲ್ಲ. ಪರದೆ ಎಳೆದದ್ದು ನಾನು.

ಯಾಕೆ ಎಳೆದೆ ಎಂದರೆ, ಆ ಕೆನ್ನೆ. ಮತ್ತೇನೂ ಅಲ್ಲ. ನನಗೆ ಮದುವೆಗಳಲ್ಲಿ ಮುಂದಿನ ಮೇಜು ಬೇಕಿರಲಿಲ್ಲ. ಬಾಗಿಲು ಬಡಿದೂ ಬಡಿದೂ ಬೆನ್ನಿಗೆ ಅಭ್ಯಾಸವಾಗಿತ್ತು.

ಮೊದಲ ಮೂರು ದಿನ ಮುದುಕರು ಖುಷಿಯಾಗಿದ್ದರು. ನಾಲ್ಕನೇ ದಿನ ಮಂಕಾದರು. ಅವರು ಬದುಕಿದ್ದೇ ಮಧ್ಯಾಹ್ನದ ಆಟಕ್ಕೆ. ಐದನೇ ದಿನ ನಾವು ಹೋದಾಗ ಕತ್ತಲ ಕೋಣೆಯಲ್ಲಿ, ಬಾಡಿದ ಹೂವಿನ ನಡುವೆ, ಮೇಜಿನ ಮೇಲೆ ನಾಲ್ಕು ಕೈ ಎಲೆ ಹಾಕಿಕೊಂಡು ನಾಲ್ಕನ್ನೂ ತಾವೇ ಆಡುತ್ತಿದ್ದರು.

"ಯಾರು ಗೆಲ್ತಿದಾರೆ ಝೂ?"

"ನಾನೇ. ಪ್ರತಿ ಸಲ. ಏನೂ ಮಜಾ ಇಲ್ಲ." ಕತ್ತಿಯ ಚಿತ್ರವಿದ್ದ ಎಕ್ಕದ ಎಲೆ ಎತ್ತಿ ನೋಡಿ ಕೆಳಗಿಟ್ಟರು. "ಕ್ಲಬ್ಬಿನಲ್ಲಿ ನನ್ನ ವಿಷ್ಯ ಏನಂತಾರೆ?"

ಬಾಲ್ಡೊನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆ ಜನರ ನಡುವೆ ಮೂವತ್ತು ವರ್ಷ ಇದ್ದೂ ಅಷ್ಟನ್ನೂ ಕಲಿಯಲಿಲ್ಲ.

"ಏನೂ ಅನ್ನಲ್ಲ ಝೂ. ನಿಮ್ಮ ಜಾಗದಲ್ಲಿ ಜೆರ್ಲಾಂಡೊ ಕುರ್ಚಿ ಹಾಕ್ಕೊಂಡಿದಾನೆ. ನಿಮ್ಮ ಕೈ ಅವನೇ ಆಡ್ತಿದಾನೆ."

ಮುದುಕರು ಸೂಪಿನ ಬಟ್ಟಲನ್ನು ಆಚೆ ಸರಿಸಿದರು. ಮರುದಿನವೂ ಮುಟ್ಟಲಿಲ್ಲ.

ಆ ಸಂಜೆ ಬಾಲ್ಡೊ ಸೂಟು ತೆಗೆದು ಮಂಚದ ಮೇಲೆ ಹಾಸಿ ನೋಡುತ್ತಾ ನಿಂತಿದ್ದ.

"ಅವರು ಸೂಪು ಕುಡೀಲಿಲ್ಲ ಚೆಟ್ಟಾ."

"ಇನ್ನು ಒಂಬತ್ತು ದಿನ. ಒಂಬತ್ತು ದಿನ ಊಟ ಬಿಟ್ರೆ ಯಾರೂ ಸಾಯಲ್ಲ."

"ಸತ್ರೆ?"

"ಸತ್ರೆ ಚೀಟಿ ನಿಜ ಆಗತ್ತೆ."

ಅವನು ನನ್ನನ್ನು ನೋಡಿದ. ಬಯ್ಯಲಿಲ್ಲ. ಆ ಮಾತು ನನ್ನ ಬಾಯಿಂದಲೇ ಬಂದದ್ದು, ಈಗ ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಅವನು ಸೂಟನ್ನು ಮತ್ತೆ ಹ್ಯಾಂಗರಿಗೆ ಹಾಕಿದ. ಗುಂಡಿಗಳನ್ನೆಲ್ಲ ಹಾಕಿ, ಕಾಲರು ಸರಿಮಾಡಿ, ಬೀರುವಿನಲ್ಲಿಟ್ಟ.

ಬೆಳಿಗ್ಗೆ ಬಡಗಿಯಿಂದ ಕುರ್ಚಿ ತಂದ. ಮುದುಕರಿಗೆ ಶರಟು ತೊಡಿಸಿದ, ಟೈ ಕಟ್ಟಿದ, ಟೋಪಿ ಇಟ್ಟ.

"ಎಲ್ಲಿಗೆ?" ಅಂದರು ಅವರು.

"ಆಟಕ್ಕೆ."

"ಯೋಚನೆ ಮಾಡಿದೀಯಾ?"

"ಮಾಡಿದೆ ಝೂ. ಎಡಗಾಲು ಮೊದಲು ಇಡಿ."

ಒಂದು ಕಂಕುಳಲ್ಲಿ ಕುರ್ಚಿ, ಇನ್ನೊಂದು ತೋಳಿನಲ್ಲಿ ಮುದುಕ. ಹದಿನೆಂಟನೇ ಅವೆನ್ಯೂನಲ್ಲಿ ನಡೆದರು. ಹಿಂದೆ ನಾನು ಸೂಪಿನ ಪಾತ್ರೆ ಹಿಡಿದುಕೊಂಡು. ಮಾಂಸದಂಗಡಿಯವನ ಕೈಯಿಂದ ಚಾಕು ಬಿತ್ತು. ಇಬ್ಬರು ಹೆಂಗಸರು ರಸ್ತೆ ದಾಟಿ ಆಚೆ ಹೋದರು. ಝೂ ಲಿಬೋರಿಯೊ ಒಬ್ಬೊಬ್ಬರಿಗೂ ಟೋಪಿ ಎತ್ತಿ ನಮಸ್ಕರಿಸಿದರು. ಅವರ ಬೆನ್ನು ಆಗಲೇ ನೆಟ್ಟಗಾಗಿತ್ತು.

ಹೆಂಗಸರು ಕ್ಲಬ್ಬಿನ ಒಳಗೆ ಹೋಗುವಂತಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎಲೆ ಹಂಚುತ್ತಿದ್ದ ಕೈ ಹಾಗೇ ನಿಂತಿತು. ಯಾರೂ ಏನೂ ಕೇಳಲಿಲ್ಲ. ಸತ್ತವನು ಒಳಗೆ ಬಂದರೂ ಕೇಳಬಾರದು ನೋಡಿ.

ಕೊನೆಗೆ ನಾಜ್ ಗಂಟಲು ಸರಿಮಾಡಿಕೊಂಡ. "ಹೇಗಿದೀರಿ ಝೂ?"

"ಸೊಂಟ ನೋವು. ಉಳಿದಂತೆ, ನೀವು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿದೀನಿ. ಹೂವಿಗೆ ಥ್ಯಾಂಕ್ಸಪ್ಪ."

ಅವರ ಜಾಗದಲ್ಲಿ ಜೆರ್ಲಾಂಡೊ ಕೂತಿದ್ದ. ಕೈಯಲ್ಲಿ ಮೂರು ಎಲೆ. ಬಾಲ್ಡೊ ಎತ್ತರದ ಕುರ್ಚಿಯನ್ನು ತಂದು ಅವನ ಪಕ್ಕದಲ್ಲಿ ಇಟ್ಟ.

"ಏಳು" ಅಂದ.

ಹೊರಗಿನವನು ಒಳಗಿನವನಿಗೆ ಹಾಗೆ ಹೇಳುವಂತಿಲ್ಲ. ಜೆರ್ಲಾಂಡೊ ನಾಜ್‌ನ ಮುಖ ನೋಡಿದ. ನಾಜ್ ಮುದುಕರ ನಡುಗುವ ಕಾಲು ನೋಡಿದ, ಆಮೇಲೆ ಮೇಜಿನ ಕಡೆ ತಿರುಗಿಕೊಂಡ. ಜೆರ್ಲಾಂಡೊ ಎದ್ದ. ಕುರ್ಚಿ ಎತ್ತಿಕೊಂಡು ಹಿಂದಕ್ಕೆ ಹೋದ. ಅವನ ಕಿವಿ ಕೆಂಪಾಗಿದ್ದುದನ್ನು ನಾನು ಬಾಗಿಲಿಂದಲೇ ಕಂಡೆ.

ಮುದುಕರನ್ನು ಬೈಯುವಂತಿಲ್ಲ, ಅವರು ಹಿರಿಯರು, ಒಳಗಿನವರು. ನಾಜ್‌ಗೆ ಉಳಿದದ್ದು ಬಾಲ್ಡೊ.

"ನಾಲ್ಕು ಮನೆಗೆ ಚೀಟಿ ಹೋಗಿದೆ. ಈಗ ನಾನು ಏನು ಹೇಳ್ಲಿ? ಗೋರಿಯಿಂದ ಎದ್ದು ಬಂದ ಅನ್ಲಾ?"

"ಕುರ್ಚಿ ರಿಪೇರಿಗೆ ಹೋಗಿತ್ತು ಅನ್ನಿ."

ಯಾರೋ ನಕ್ಕರು, ತಕ್ಷಣ ಕೆಮ್ಮಿದರು. ನಾಜ್ ನಗಲಿಲ್ಲ.

"ಚೀಟಿ ವಾಪಸ್ಸು ತರಿಸೋದು ಅಂದ್ರೆ ನನ್ನ ಮುಖಕ್ಕೆ ನಾನೇ ಮಸಿ ಬಳ್ಕೊಂಡ ಹಾಗೆ. ಇನ್ನು ನಿನ್ನ ಹೆಸರು ಯಾವ ಚೀಟಿಯಲ್ಲೂ ಬರಲ್ಲ ಬಾಲ್ಡೊ. ಗೊತ್ತಲ್ವಾ?"

"ಗೊತ್ತು."

"ಬರೋ ಮುಂಚೇನೇ ಗೊತ್ತಿತ್ತಾ?"

ಉತ್ತರ ಬೇಕೆಂದು ನಾಜ್ ಬಾಲ್ಡೊನನ್ನು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಗೊತ್ತಿತ್ತು."

ನಾಜ್ ತನ್ನ ಎಲೆಗಳನ್ನು ಎತ್ತಿಕೊಂಡ. "ಹೋಗು. ಕಾರು ನೋಡ್ಕೊಂಡು ಬಾ."

ಬಾಲ್ಡೊ ಬಾಗಿಲ ಕಡೆ ತಿರುಗಿದ. ಹಿಂದೆ ಕೋಲಿನ ಸದ್ದು. ಆಗಷ್ಟೇ ಕಷ್ಟಪಟ್ಟು ಕೂತಿದ್ದ ಝೂ ಲಿಬೋರಿಯೊ ಕಷ್ಟಪಟ್ಟು ಏಳುತ್ತಿದ್ದರು.

"ನೀವು ಎಲ್ಲಿಗೆ ಝೂ?" ಎಂದ ನಾಜ್.

"ನಂಗೆ ಕಣ್ಣು ಮಂಜು. ಎಲೆ ಓದೋಕೆ ಇವನು ಬೇಕು. ಇವನು ಹೊರಗೆ ಹೋದ್ರೆ ನನ್ನ ಕಣ್ಣು ಹೊರಗೆ ಹೋಯ್ತು. ನಾನು ಇಲ್ಲಿ ಕೂತು ಏನ್ ಮಾಡ್ಲಿ? ನಾನೂ ಕಾರು ನೋಡ್ತೀನಿ."

ಎರಡು ದಿನದ ಹಿಂದೆ ಕತ್ತಲ ಕೋಣೆಯಲ್ಲಿ ನಾಲ್ಕು ಕೈ ಆಡಿದವರು ಅವರು.

ಇಬ್ಬರೂ ಹೊರಗೆ ಬಂದು ಕಾರಿನ ಪಕ್ಕ ನಿಂತರು. ನವೆಂಬರಿನ ಗಾಳಿ. ನಾನು ಸೂಪಿನ ಪಾತ್ರೆಯ ಮುಚ್ಚಳ ತೆಗೆದು ಕೊಟ್ಟೆ. ಮುದುಕರು ನಾಜ್‌ನ ಕಾರಿನ ಮೂತಿಯ ಮೇಲೆ ಪಾತ್ರೆ ಇಟ್ಟುಕೊಂಡು ಪೂರ್ತಿ ಕುಡಿದರು. ಬಾಲ್ಡೊ ಕಾರಿಗೆ ಚೆಲ್ಲಿದ ಹನಿಯನ್ನು ಕರವಸ್ತ್ರದಿಂದ ಒರೆಸಿದ. ಐದು ನಿಮಿಷವೂ ಆಗಿರಲಿಲ್ಲ, ಒಳಗಿನಿಂದ ಕಿಟಕಿ ತಟ್ಟಿದ ಸದ್ದು. ಎಂಬತ್ತಮೂರು ವರ್ಷದ ಒಳಗಿನವನನ್ನು ಬೀದಿಯಲ್ಲಿ ನಿಲ್ಲಿಸಿದರೆ ನಾಳೆ ಎಲ್ಲ ಮನೆಗಳಲ್ಲೂ ಅದೇ ಮಾತಾಗುತ್ತದೆ. ಅಲ್ಲದೆ ನಾಲ್ಕು ಕೈಯ ಆಟಕ್ಕೆ ಒಂದು ಕೈ ಕಡಿಮೆ.

ಆಮೇಲೆ ಬಾಲ್ಡೊ ಅವರ ಪಕ್ಕದಲ್ಲೇ ಕೂತ. ಕ್ಲಬ್ಬಿನವರು ಅವನಿಗೆ ಕುರ್ಚಿ ಕೊಡಲಿಲ್ಲ. ನಮ್ಮ ಅಡುಗೆಮನೆಯ ನಾಲ್ಕರಲ್ಲಿ ಒಂದನ್ನು ತೆಗೆದುಕೊಂಡು ಹೋಗಿ ಹಾಕಿಕೊಂಡ. ಗುಟ್ಟಿನ ಮಾತು ಬಂದಾಗ ನಾಜ್ ಕಾರು ನೋಡಿಕೊಂಡು ಬಾ ಎನ್ನುವುದನ್ನು ಬಿಡಲಿಲ್ಲ. ಇಬ್ಬರೂ ಎದ್ದು ಹೊರಗೆ ಬರುತ್ತಿದ್ದರು. ಕಾರಿನ ಪಕ್ಕ ನಿಂತು ಇವರಿಬ್ಬರೂ ಅದೇನು ಮಾತಾಡುತ್ತಿದ್ದರೋ, ಒಳಗಿನವರು ಕಿಟಕಿಯಿಂದ ಇಣುಕಿ ನೋಡುವಷ್ಟು ನಗುತ್ತಿದ್ದರು. ಹೀಗೆ ನಾಲ್ಕೂವರೆ ವರ್ಷ. ಬಾಲ್ಡೊ ಒಳಗಿನವನಾಗಲಿಲ್ಲ. ಸೂಟು ಹಾಕಲಿಲ್ಲ.

ಹೋದ ಏಪ್ರಿಲಿನಲ್ಲಿ ಒಂದು ಹೋಟೆಲಿನ ಹಿಂಬಾಗಿಲಲ್ಲಿ, ಹೆಗಲ ಮೇಲೆ ಮೇಜುಬಟ್ಟೆಯ ಗಂಟು ಇಟ್ಟುಕೊಂಡೇ ಬಿದ್ದ. ಹೃದಯ ನಿಂತುಹೋಗಿತ್ತು. ಐವತ್ತೊಂಬತ್ತು ವರ್ಷ. ಗಂಟು ಬಿಚ್ಚಿ ಅದರಲ್ಲೇ ಒಂದು ಬಟ್ಟೆಯನ್ನು ಮೇಲೆ ಹೊದಿಸಿದ್ದರು. ಇಸ್ತ್ರಿ ಮಾಡಿದ ಗೆರೆ ಇತ್ತು.

ಸೂಟಿನ ಬೆನ್ನನ್ನು ನಾನೇ ಸೀಳಿ ತೊಡಿಸಿದೆ. ಮಲಗಿದವನ ಬೆನ್ನು ಯಾರು ನೋಡುತ್ತಾರೆ.

ಹೊರಗಿನವನ ಸಾವಿಗೆ ಒಳಗಿನವರು ಬರಬೇಕೆಂದಿಲ್ಲ. ಒಂದು ಬುಟ್ಟಿ ಹೂ ಕಳಿಸಿದರೆ ಮುಗಿಯಿತು. ಮೊದಲ ದಿನ ನಾಜ್‌ನ ಬುಟ್ಟಿ ಬಂತು, ಮೊಣಕಾಲೆತ್ತರ. ಅಷ್ಟಕ್ಕೇ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಆ ಸಂಜೆ ನುನ್ಸಿಯಾಟ ಓಡಿ ಬಂದಳು.

"ಚೆಟ್ಟಾ, ಆ ಮುದುಕ ಏನ್ ಮಾಡ್ತಿದಾನೆ ಗೊತ್ತಾ? ನಿಮ್ಮನೆ ಕುರ್ಚೀನ ನೆಲಮಾಳಿಗೆಗೆ ಇಳಿಸ್ತಿದಾನೆ. ಒಂದು ಮೆಟ್ಟಿಲು ಕುರ್ಚಿ, ಒಂದು ಮೆಟ್ಟಿಲು ಅವನು. ಯಾರೂ ಕೈ ಹಾಕ್ತಿಲ್ಲ."

"ನಾಜ್ ಏನಂದ?"

"ನೋಡ್ದ. ಏನೂ ಕೇಳ್ಲಿಲ್ಲ."

ಮರುದಿನ ಅವರೆಲ್ಲ ಬಂದರು. ಕುರ್ಚಿ ಕೆಳಗಿಳಿದ ಮೇಲೆ ಬರಲೇಬೇಕು. ಮೊದಲು ನಾಜ್, ಆಮೇಲೆ ವಯಸ್ಸಿನ ಪ್ರಕಾರ ಸಿಪಾಯಿಗಳು. ಕೊನೆಯಲ್ಲಿ ಜೆರ್ಲಾಂಡೊ. ಒಬ್ಬೊಬ್ಬರೂ ನನ್ನ ಕೈಗೆ ಮುತ್ತಿಟ್ಟರು. ಝೂ ಲಿಬೋರಿಯೊ ಪೆಟ್ಟಿಗೆಯ ತಲೆಯ ಹತ್ತಿರ ಕೋಲು ಊರಿ ನಿಂತಿದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

ಕುರ್ಚಿ ಇನ್ನೂ ಅಲ್ಲೇ ಕೆಳಗಿದೆ. ನನಗೆ ಮೂರು ಸಾಕು.

ಮುದುಕರಿಗೆ ಈಗ ಎಂಬತ್ತೊಂಬತ್ತು. ಅವರ ಜಾಗಕ್ಕೆ ಈಗ ಯಾರ ಹೆಸರಿದೆಯೋ ನನಗೆ ಗೊತ್ತಿಲ್ಲ. ಯಾರೇ ಇರಲಿ, ಪಾಪ, ಅವನ ಹೆಂಡತಿ ಸೂಪು ಕಳಿಸುತ್ತಿಲ್ಲ. ಗುರುವಾರ ಅವರೇ ನಮ್ಮ ಮನೆಗೆ ಬರುತ್ತಾರೆ. ಎರಡು ಮಹಡಿ ಹತ್ತಲು ಅರ್ಧ ಗಂಟೆ. ನಾನು ಬಾಗಿಲು ತೆಗೆದಿಟ್ಟಿರುತ್ತೇನೆ.

"ಇವತ್ತೂ ಬದುಕಿದೀನಿ ಕಣಮ್ಮ. ಕ್ಷಮಿಸು."

"ಕೂತ್ಕೊಳ್ಳಿ ಝೂ. ಆರಿಹೋಗತ್ತೆ."

ಉಪ್ಪು ಕಡಿಮೆ ಹಾಕುತ್ತೇನೆ. ಒಂದು ಚಮಚ ರುಚಿ ನೋಡಿಯೇ ಬಡಿಸುತ್ತೇನೆ. ಕುಡಿದಾದ ಮೇಲೆ ಅವರು ಟೋಪಿ ಹಾಕಿಕೊಳ್ಳುತ್ತಾರೆ.

"ನಡಿ, ಕಾರು ನೋಡ್ಕೊಂಡು ಬರೋಣ."

ಬಾಲ್ಡೊನ ಹಳೆಯ ಬ್ಯೂಕ್ ಕಾರು ಮನೆಯ ಮುಂದೆಯೇ ಇದೆ. ನನಗೆ ಓಡಿಸಲು ಬರುವುದಿಲ್ಲ. ಬೀದಿ ಗುಡಿಸುವ ದಿನ ನುನ್ಸಿಯಾಟಳ ಗಂಡ ಬಂದು ಆಚೆ ಬದಿಗೆ ನಿಲ್ಲಿಸಿ, ಸಂಜೆ ಮತ್ತೆ ಈಚೆಗೆ ತರುತ್ತಾನೆ. ನಾವಿಬ್ಬರೂ ಇಳಿದು ಹೋಗಿ ಅದರ ಪಕ್ಕ ನಿಲ್ಲುತ್ತೇವೆ. ಮುದುಕರು ಗಾಜು ಒರೆಸುತ್ತಾರೆ. ಕಾರು ಚೆನ್ನಾಗಿದೆ. ಕಿಟಕಿ ತಟ್ಟಿ ಒಳಗೆ ಕರೆಯುವವರು ಇಲ್ಲ. ಕಾಲು ನೋಯುವವರೆಗೆ ನಿಂತು, ಅವರನ್ನು ಮನೆ ಮುಟ್ಟಿಸಿ ಬರುತ್ತೇನೆ.